ರೆಸಿನ್ ‘ಪೋಸ್ಟ್ ಕ್ಯೂರಿಂಗ್’: ಗೋಡೆ ಫಲಕಕ್ಕೆ ಪದ ಬೇಕು, ಇವತ್ತೇ

ಎಲ್ಲರಿಗೂ ನಮಸ್ಕಾರ. ಒಂದು ಡೆಂಟಲ್ ಲ್ಯಾಬಿಗೆ ಗೋಡೆ ಫಲಕ ಬರೆದುಕೊಡಬೇಕು, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಅಲ್ಲಿ ತ್ರೀಡಿ ಪ್ರಿಂಟರಿನಲ್ಲಿ ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವ ರೆಸಿನ್ನಿಂದ ಹಲ್ಲಿನ ಮಾಡೆಲ್, ತಾತ್ಕಾಲಿಕ ಕ್ಯಾಪ್, ಇಂಪ್ಲಾಂಟ್ ಕೂರಿಸುವಾಗ ಡ್ರಿಲ್ಲಿಗೆ ದಾರಿ ತೋರಿಸಲು ಬಾಯಲ್ಲಿಡುವ ಸರ್ಜಿಕಲ್ ಗೈಡ್ ಎಲ್ಲ ಮಾಡುತ್ತಾರೆ. ಪ್ರಿಂಟ್ ಆಚೆ ಬಂದ ಮೇಲೆ ನಾಲ್ಕು ಕೆಲಸ: ಆಲ್ಕೊಹಾಲಿನಲ್ಲಿ ತೊಳೆಯುವುದು, ಒಣಗಿಸುವುದು, ಯುವಿ (ನೇರಳಾತೀತ) ಬೆಳಕಿನ ಪೆಟ್ಟಿಗೆಯಲ್ಲಿಟ್ಟು ‘ಕ್ಯೂರ್’ ಮಾಡುವುದು, ಪ್ರಿಂಟನ್ನು ಹಿಡಿದು ನಿಲ್ಲಿಸಿದ್ದ ಸಪೋರ್ಟ್ ಕಡ್ಡಿಗಳನ್ನು ಕತ್ತರಿಸಿ ನಯ ಮಾಡುವುದು. ಮೂರನೆಯದಕ್ಕೆ ಪದ ಸಿಗುತ್ತಿಲ್ಲ. ಹಳೆಯ ಫಲಕದಲ್ಲಿ ‘ಬೆಳಕಿನಲ್ಲಿ ಒಣಗಿಸಿ’ ಅಂತಿದೆ, ಅದು ಬೇಡ ಅಂತ ಲ್ಯಾಬಿನವರೇ ಹೇಳಿದ್ದಾರೆ. ಒಂದೇ ಪದವಾದರೆ ಒಳ್ಳೆಯದು, ಅಕ್ಷರ ದಪ್ಪಗೆ ಬರಬೇಕು. ಒಟ್ಟು ಕೆಲಸಕ್ಕೆ, ಅಂದರೆ ‘ಪೋಸ್ಟ್ ಪ್ರೊಸೆಸಿಂಗ್’ಗೆ, ಒಂದು ತಲೆಬರಹವೂ ಬೇಕು.

ಮರು: ಗೋಡೆ ಫಲಕಕ್ಕೆ ಪದ

‘ದ್ಯುತಿಘನೀಕರಣ’. ದ್ಯುತಿಸಂಶ್ಲೇಷಣೆಯನ್ನು ಎಲ್ಲರೂ ಶಾಲೆಯಲ್ಲೇ ಓದಿರುತ್ತಾರೆ, ದ್ಯುತಿ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ತಲೆಬರಹಕ್ಕೆ ‘ಮುದ್ರಣೋತ್ತರ ಸಂಸ್ಕರಣೆ’. ಆಹಾರ ಸಂಸ್ಕರಣೆ, ತ್ಯಾಜ್ಯ ಸಂಸ್ಕರಣೆ ಚಾಲ್ತಿಯಲ್ಲಿರುವಾಗ ಇದಕ್ಕೂ ಅದೇ ಸರಿ. ಇಷ್ಟಕ್ಕೆ ದೊಡ್ಡ ಚರ್ಚೆ ಬೇಕಾಗಿಲ್ಲ.

ಮರು: ಮರು: ಗೋಡೆ ಫಲಕಕ್ಕೆ ಪದ

> ದ್ಯುತಿಘನೀಕರಣ

ಬೇಡ. ಗ್ಲೌಸ್ ಹಾಕಿಕೊಂಡು, ಕೈಯಲ್ಲಿ ಪ್ರಿಂಟ್ ಹಿಡಿದು ನಿಂತವರು ಒಂದು ಕಣ್ಣು ಹಾಯಿಸಿ ಓದುವ ಫಲಕ ಇದು. ಹೆಪ್ಪುಗಟ್ಟು, ಹರಳುಗಟ್ಟು ನಮ್ಮಲ್ಲಿವೆ. ಅದೇ ಸಾಲಿನಲ್ಲಿ ‘ಬೆಳಕುಗಟ್ಟಿಸು’. ಗಟ್ಟಿಯಾಗುವುದೂ ಅದರಲ್ಲೇ ಬಂತು. ರೆಸಿನ್ ಅನ್ನುವುದೂ ಬೇಡ, ‘ಮಡ್ಡಿ’ ಇದೆ, ಹಾಲುಮಡ್ಡಿ ಅಂತ ಈಗಲೂ ಅನ್ನುತ್ತೇವೆ ಅಲ್ವಾ. ತಲೆಬರಹ ‘ಕೊನೆಗೆಲಸ’ ಸಾಕು. ಮನೆಯೊಳಗೆ ಹುಡುಕದೆ ಮೊದಲೇ ಸಂಸ್ಕೃತಕ್ಕೋ ಇಂಗ್ಲಿಷಿಗೋ ಕೈಚಾಚುವ ಅಭ್ಯಾಸ ಬಿಡಬೇಕು.

ಮರು: ಗಟ್ಟಿ ಬೇರೆ, ಗಟ್ಟು ಬೇರೆ

ಹೆಪ್ಪುಗಟ್ಟು ಪದದಲ್ಲಿರುವುದು ಗಟ್ಟಿಯಲ್ಲ, ಕಟ್ಟು. ಆದೇಶ ಸಂಧಿ, ಅಷ್ಟೇ. ಈ ಸಾಲಿನ ಪದಗಳಲ್ಲಿ ಮೊದಲು ಬರುವುದು ಕೊನೆಗೆ ಏನು ಉಂಟಾಗುತ್ತದೋ ಅದು. ಹರಳುಗಟ್ಟಿದರೆ ಹರಳಾಗುತ್ತದೆ, ಮಂಜುಗಟ್ಟಿದರೆ ಮಂಜಾಗುತ್ತದೆ. ಬೆಳಕುಗಟ್ಟಿದರೆ ಬೆಳಕೇ ಆಗಬೇಕು. ಇಲ್ಲಿ ಬೆಳಕು ಬರೀ ಸಾಧನ, ಆ ಅರ್ಥವನ್ನು ಈ ಕಟ್ಟಣೆ ಕೊಡುವುದಿಲ್ಲ. ಮಡ್ಡಿಗೆ ತಳದಲ್ಲಿ ನಿಲ್ಲುವ ಗಸಿ ಅನ್ನುವ ಅರ್ಥವೂ ಇದೆ. ಪ್ರಿಂಟರಿಗೆ ಸುರಿಯುವುದಕ್ಕೂ ತೊಳೆಯುವ ತೊಟ್ಟಿಯ ತಳದಲ್ಲಿ ಕೂರುವುದಕ್ಕೂ ಒಂದೇ ಹೆಸರು ಇಡುತ್ತೀರಾ?

ಮೊದಲ ಸಲಹೆಗೂ ಒಂದು ಮಾತು. ಅದು ಪೂರ್ತಿ ಸಂಸ್ಕೃತವಾದ್ದರಿಂದ ವ್ಯಾಕರಣದ ತಕರಾರಿಲ್ಲ. ಆದರೆ ಯಾರೋ ಈಗ ‘ಬೆಳಕು ಸಂಸ್ಕರಣೆ’ ಅಂತ ರಾಜಿಗೆ ಬರುತ್ತಾರೆ. ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಮೊದಲೇ ಹೇಳಿದ್ದೇನೆ.

ಮರು: ಒಣಗುವುದು ಬೇರೆ, ಕ್ಯೂರ್ ಆಗುವುದು ಬೇರೆ

ಸಂಧಿ ಸಮಾಸ ಆಮೇಲೆ ನೋಡೋಣ. ನಾನು ಇದೇ ಕೆಲಸ ಮಾಡುವವನು. ಈ ಫಲಕದಲ್ಲಿ ಪದ ತಪ್ಪಿದರೆ ಗೈಡ್ ಬಾಯಲ್ಲಿ ಸರಿಯಾಗಿ ಕೂರುವುದಿಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಒಣಗುವುದರಲ್ಲಿ ಏನೋ ಆವಿಯಾಗಿ ಹೋಗುತ್ತದೆ. ಕ್ಯೂರ್ ಆಗುವಾಗ ಏನೂ ಹೋಗಬೇಕಾಗಿಲ್ಲ. ಒಳಗೆ ಉಳಿದಿರುವ ಸಣ್ಣ ಅಣುಗಳು ಬೆಳಕು ಬಿದ್ದಾಗ ಒಂದಕ್ಕೊಂದು ಬೆಸೆದುಕೊಂಡು ಉದ್ದ ಸರಪಳಿಗಳಾಗುತ್ತವೆ, ಬಲೆಯಂತೆ ಹೆಣೆದುಕೊಳ್ಳುತ್ತವೆ. ‘ಬೆಳಕಿನಲ್ಲಿ ಒಣಗಿಸಿ’ ಅಂತ ಬರೆದರೆ ಓದಿದವರು ಎರಡನೇ ಮೂರನೇ ಹೆಜ್ಜೆಗಳನ್ನು ಒಂದೇ ಮಾಡಿಬಿಡುತ್ತಾರೆ. ತೊಳೆದ ಕೂಡಲೇ ಒದ್ದೆ ಪ್ರಿಂಟನ್ನೇ ಪೆಟ್ಟಿಗೆಗೆ ಹಾಕುತ್ತಾರೆ. ಆಲ್ಕೊಹಾಲ್ ಹೀರಿಕೊಂಡ ಪ್ರಿಂಟ್ ಸ್ವಲ್ಪ ಉಬ್ಬಿರುತ್ತದೆ, ಅದೇ ಅಳತೆಯಲ್ಲಿ ಗಟ್ಟಿಯಾಗುತ್ತದೆ. ಮೇಲ್ಮೈಯೂ ಬೆಳ್ಳಗಾಗುತ್ತದೆ. ತೊಳೆಯಲು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿ 12 ಡಿಗ್ರಿಯಷ್ಟು ತಣ್ಣಗಿರುವಾಗಲೇ ಬೆಂಕಿ ಹೊತ್ತಿಕೊಳ್ಳಬಲ್ಲದು. ಪೆಟ್ಟಿಗೆಯೊಳಗೆ ಎಷ್ಟೋ ರೆಸಿನ್‌ಗಳಿಗೆ 60 ಡಿಗ್ರಿ ಇಡಬೇಕಾಗುತ್ತದೆ. ಒದ್ದೆ ಪ್ರಿಂಟ್ ಅಲ್ಲಿಗೆ ಹೋಗಲೇಬಾರದು.

‘ಗಟ್ಟಿ ಮಾಡಿ’ ಅಂತ ಸುಮ್ನೆ ಬರೆದರೂ ಸಾಲದು. ಪ್ರಿಂಟರಿನಿಂದ ಬಂದಾಗಲೇ ಅದು ಕೈಗೆ ಗಟ್ಟಿ ಅನಿಸುತ್ತದೆ. ಗಟ್ಟಿ ಇದೆಯಲ್ಲ ಅಂತ ಬೇಗ ತೆಗೆದುಬಿಡುತ್ತಾರೆ. ಒಳಗೆ ಬೆಸೆದುಕೊಳ್ಳದ ರೆಸಿನ್ ಉಳಿದಿರುತ್ತದೆ, ಅದು ಚರ್ಮಕ್ಕೆ ತಾಗಿದರೆ ಅಲರ್ಜಿ ಆಗಬಹುದು, ಬಾಯೊಳಗೆ ಇಡುವ ವಸ್ತುವಾದರೆ ಇನ್ನೂ ಕೆಟ್ಟದ್ದು. ಅಳತೆಯೂ ಅಲ್ಲೇ ಹಾಳಾಗುತ್ತದೆ. ಕ್ಯೂರ್ ಆಗುವಾಗ ರೆಸಿನ್ ಕುಗ್ಗುತ್ತದೆ. ಒಂದೇ ಕಡೆ ಬೆಳಕು ಬಿದ್ದರೆ ಆ ಕಡೆ ಮೊದಲು ಕುಗ್ಗಿ ತೆಳುವಾದ ಗೈಡ್ ಬಾಗುತ್ತದೆ. ಅದಕ್ಕೇ ಎಷ್ಟೋ ಗೈಡ್‌ಗಳನ್ನು ಸಪೋರ್ಟ್ ಸಮೇತವೇ ಕ್ಯೂರ್ ಮಾಡಿ ಆಮೇಲೆ ಕತ್ತರಿಸುತ್ತಾರೆ. ನಾವು ಪ್ರಿಂಟ್ ಮಾಡುವುದು 50 ಅಥವಾ 100 ಮೈಕ್ರಾನ್ ಪದರಗಳಲ್ಲಿ. ಕ್ಯಾಪಿನ ಅಂಚಿನಲ್ಲಿ ಸಂದು 120 ಮೈಕ್ರಾನ್ ದಾಟಬಾರದು ಅನ್ನುವುದು ಬಹಳ ಜನ ಹಿಡಿಯುವ ಲೆಕ್ಕ. 1 ಮಿಲಿಮೀಟರಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ. ಇಷ್ಟು ಕಷ್ಟಪಟ್ಟು ಪ್ರಿಂಟ್ ಮಾಡಿದ್ದನ್ನು ಕೊನೆಯ ಅರ್ಧ ಗಂಟೆಯಲ್ಲಿ ಕೆಡಿಸಬಾರದು.

ಮೊದಲ ಹೆಜ್ಜೆಗೂ ಹೇಳುತ್ತೇನೆ. ‘ನೆನೆಸಿ’, ‘ಅದ್ದಿಡಿ’ ಅಂತ ಬರೆಯಬೇಡಿ, ‘ತೊಳೆಯಿರಿ’ ಅಂತಲೇ ಇರಲಿ. ನೆನೆಸಿ ಅಂದರೆ ಬಿಟ್ಟು ಹೋಗುತ್ತಾರೆ. ಬಹುತೇಕ ಡೆಂಟಲ್ ರೆಸಿನ್‌ಗಳಿಗೆ ಎರಡು ತೊಟ್ಟಿ ಸೇರಿ ಕೆಲವೇ ನಿಮಿಷ ಸಾಕು, ಜಾಸ್ತಿಯಾದರೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ನನ್ನ ಮತ ‘ಕ್ಯೂರ್ ಮಾಡಿ’. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲಿ ಇರುವುದು ಅದೇ.

ಮರು: ಹಸಿ, ಎಳೆ, ಬಲಿತ

ಲ್ಯಾಬಿನವರು ಬರೆದದ್ದು ಓದಿ ಖುಷಿಯಾಯಿತು. ಈ ಗೊಂದಲದ ಬೇರು ‘ಹಸಿ’ಯಲ್ಲಿದೆ ಅನಿಸುತ್ತದೆ. ಹಸಿ ಗೋಡೆ ಅಂದರೆ ಒದ್ದೆ ಗೋಡೆ, ಹಸಿ ಕಾಯಿ ಅಂದರೆ ಬೇಯದ ಕಾಯಿ. ಪ್ರಿಂಟ್ ಎರಡೂ ಅರ್ಥದಲ್ಲಿ ಹಸಿ. ಒಂದು ಹಸಿತನ ಹೋದರೆ ಇನ್ನೊಂದೂ ಹೋಯಿತು ಅಂದುಕೊಳ್ಳುತ್ತಾರೆ. ಹಸಿಯ ಬದಲು ‘ಎಳೆ’ ಹಿಡಿಯಿರಿ, ಎದುರು ಪದ ತಾನಾಗಿ ಬರುತ್ತದೆ: ಬಲಿತ. ಎಳೆ ಬಿದಿರು ಕೈಗೆ ಗಟ್ಟಿ ಅನಿಸಿದರೂ ಬಾಗುತ್ತದೆ, ಬಲಿತದ್ದು ಬಾಗುವುದಿಲ್ಲ. ಅಂದರೆ ‘ಬೆಳಕಿನಲ್ಲಿ ಬಲಿಸಿ’. ಕಡಿಮೆ ಕ್ಯೂರ್ ಆದದ್ದು ‘ಎಳೆ ಪ್ರಿಂಟ್’. ಸಮಾಸ ಕಟ್ಟುವ ಗೋಜೇ ಇಲ್ಲ, ಸಪ್ತಮಿ ಹಾಕಿದರೆ ಮುಗಿಯಿತು.

ಮರು: ಮರು: ಹಸಿ, ಎಳೆ, ಬಲಿತ

‘ಬಲಿಸಿ’ ಅಂತ ಗೋಡೆ ಮೇಲೆ ಒಂಟಿಯಾಗಿ ಬರೆದರೆ ಬಲಿ ಕೊಡುವುದೇ ಮೊದಲು ನೆನಪಿಗೆ ಬರುತ್ತದೆ. ಆ ಬಲಿ ಸಂಸ್ಕೃತದ್ದು, ಈ ಬಲಿ ನಮ್ಮದು, ಗೊತ್ತು. ಓದುವವರು ನಿಘಂಟು ಹಿಡಿದು ನಿಂತಿರುವುದಿಲ್ಲ.

ಮರು: ಎಲ್ಲದಕ್ಕೂ ಎರವಲೇ?

> ಎಲ್ಲರ ಬಾಯಲ್ಲಿ ಇರುವುದು ಅದೇ

ಎಲ್ಲರ ಬಾಯಲ್ಲಿ ಕ್ಯೂರಿಂಗ್ ಅಂದರೆ ಏನು ಗೊತ್ತಾ? ಕಾಂಕ್ರೀಟಿಗೆ ನೀರು ಹಾಕುವುದು. ಒದ್ದೆಯಾಗಿ ಇಡುವುದಕ್ಕೇ ಕ್ಯೂರಿಂಗ್ ಅಂತ ಹೆಸರಾಗಿದೆ. ಒದ್ದೆ ಪ್ರಿಂಟ್ ಪೆಟ್ಟಿಗೆಗೆ ಹೋಗಬಾರದು ಅಂತ ಅಷ್ಟು ಬರೆದು ಕೊನೆಗೆ ಅದೇ ಪದ ಹಿಡಿಯುತ್ತೀರಿ. ಎರವಲು ಪದದ ತೊಂದರೆಯೇ ಇದು. ಪದ ಬರುತ್ತದೆ, ಅದರ ಬೇರು ಬರುವುದಿಲ್ಲ. ಬಲಿ, ಮಾಗು, ಕಟ್ಟು ಇವಕ್ಕೆ ನಮ್ಮಲ್ಲಿ ಬೇರೂ ಇದೆ, ಬಳಗವೂ ಇದೆ. ಬೆಳಕುಗಟ್ಟಿಸು ಬಿಡುತ್ತೇನೆ, ಬಲಿಸು ಬಿಡುವುದಿಲ್ಲ. ಅಚ್ಚಾದ ಫಲಕದಲ್ಲೂ ಕನ್ನಡ ಪದ ಬರದಿದ್ದರೆ ಇನ್ನೆಲ್ಲಿ ಬರಬೇಕು?

ಮರು: ಮರು: ಎಲ್ಲದಕ್ಕೂ ಎರವಲೇ?

ಮೇಜು, ಕುರ್ಚಿ, ಕಿಟಕಿ, ಸಾಬೂನು. ಯಾವುದೂ ಇಲ್ಲಿ ಹುಟ್ಟಿದ್ದಲ್ಲ, ಯಾವುದನ್ನೂ ನೀವು ಬಿಟ್ಟಿಲ್ಲ. ಬೇರಿಲ್ಲದೆಯೂ ಕಿಟಕಿ ಚೆನ್ನಾಗಿ ನಿಂತಿದೆ. ಕಾಂಕ್ರೀಟಿನ ಮಾತು ಒಪ್ಪುತ್ತೇನೆ, ಅದಕ್ಕೆ ‘ಯುವಿ’ ಅಂತ ಮುಂದೆ ಸೇರಿಸಿದರೆ ಆಯಿತು. ಲ್ಯಾಬಿನ ಪೆಟ್ಟಿಗೆಯ ಮೇಲೆ, ರೆಸಿನ್ ಬಾಟಲಿಯ ಮೇಲೆ, ಪರದೆಯಲ್ಲಿ ಎಲ್ಲ ಕಡೆ ಕ್ಯೂರ್ ಅಂತಿರುವಾಗ ಗೋಡೆಯಲ್ಲಿ ಮಾತ್ರ ಇನ್ನೊಂದು ಹೆಸರಿದ್ದರೆ ಕೆಲಸಕ್ಕೆ ಹೊಸದಾಗಿ ಸೇರಿದವರು ಎರಡು ಬೇರೆ ಕೆಲಸ ಅಂದುಕೊಳ್ಳುತ್ತಾರೆ.

ಮರು: ಗೋಡೆ ಫಲಕಕ್ಕೆ ಪದ

ಎಲ್ಲರಿಗೂ ಧನ್ಯವಾದ. ಹೀಗೆ ಬರೆದಿದ್ದೇನೆ. ತಲೆಬರಹ ‘ಪ್ರಿಂಟ್ ಆದ ಮೇಲೆ’. ಕೆಳಗೆ ನಾಲ್ಕು ಸಾಲು: ‘ತೊಳೆಯಿರಿ’, ‘ಪೂರ್ತಿ ಒಣಗಿಸಿ’, ‘ಯುವಿ ಕ್ಯೂರ್ ಮಾಡಿ’, ‘ಆಸರೆ ಕತ್ತರಿಸಿ’. ಮೂರನೇ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ ‘ಬೆಳಕಿನಲ್ಲಿ ಒಳಗಿನವರೆಗೂ ಬಲಿಯಬೇಕು’. ಬಲಿಯಬೇಕು ಅಂದಾಗ ಆ ಇನ್ನೊಂದು ಬಲಿ ನೆನಪಿಗೆ ಬರುವುದಿಲ್ಲ, ಇಬ್ಬರಿಗೆ ಓದಿಸಿ ನೋಡಿದೆ. ಸಪೋರ್ಟಿಗೆ ಆಸರೆ ಸರಿಯಾಗಿ ಕೂತಿತು.

ಮರು: ಮರು: ಗೋಡೆ ಫಲಕಕ್ಕೆ ಪದ

‘ಪ್ರಿಂಟ್ ಆದ ಮೇಲೆ’ ತಲೆಬರಹವೇ ಅಲ್ಲ, ಅರ್ಧ ವಾಕ್ಯ. ‘ಕೊನೆಗೆಲಸ’ಕ್ಕೆ ಏನಾಗಿತ್ತು?

ಮರು: ಮರು: ಗೋಡೆ ಫಲಕಕ್ಕೆ ಪದ

ಅರ್ಧ ವಾಕ್ಯವೇ ಇರಲಿ, ಓದಿದ ಕೂಡಲೇ ತಿಳಿಯುತ್ತದೆ. ಲ್ಯಾಬಿನ ಕಡೆಯಿಂದ ಎರಡು ತಿದ್ದುಪಡಿ, ಅಚ್ಚಿಗೆ ಹೋಗುವ ಮೊದಲೇ ಮಾಡಿ. ಮೂರು ಮತ್ತು ನಾಲ್ಕನೇ ಸಾಲಿಗೆ ಅಂಕಿ ಹಾಕಬೇಡಿ, ಕೆಲವು ಮಾಡೆಲ್‌ಗಳಲ್ಲಿ ಆಸರೆಯನ್ನು ಮೊದಲೇ ತೆಗೆಯುತ್ತೇವೆ, ರೆಸಿನ್ ತಯಾರಕರ ಹಾಳೆ ಹೇಳಿದ ಹಾಗೆ. ಮತ್ತೆ ‘ತೊಳೆಯಿರಿ’ ಹಾಗೂ ‘ಯುವಿ ಕ್ಯೂರ್ ಮಾಡಿ’ ಇವೆರಡರ ಪಕ್ಕ ಒಂದೊಂದು ಖಾಲಿ ಚೌಕ ಬಿಡಿ. ಪ್ರತಿ ರೆಸಿನ್ನಿಗೂ ನಿಮಿಷ ಬೇರೆ, ಮಾರ್ಕರಿನಲ್ಲಿ ಬರೆದು ಅಳಿಸುವ ಹಾಗಿರಬೇಕು.