ಅಪ್‌ಡೇಟ್: ಟರ್ಲೋ ಹಿಲ್ ಹತ್ತಿ ಬಂದೆ

ಐರ್ಲೆಂಡಿನ ಟರ್ಲೋ ಹಿಲ್ ನೆತ್ತಿಯ ಜಲಾಶಯದ ಬದಿಯಿಂದ ಕ್ಯಾಮಡೆರಿ ಶಿಖರಕ್ಕೆ ದಾರಿ ಯಾವುದೆಂದು ಕೇಳಿದ್ದೆನಲ್ಲ, ಹೋಗಿ ಬಂದೆ. ವಿಕ್ಲೋ ಗ್ಯಾಪ್ ಎಂಬ ಕಣಿವೆದಾರಿಯಿಂದ ಡಾಂಬರು ರಸ್ತೆ ಹಿಡಿಯಿರಿ ಎಂದವರಿಗೆ ಧನ್ಯವಾದ, ಏರು ಸಲೀಸಾಯಿತು. ಜಲಾಶಯದ ಒಡ್ಡನ್ನೇ ಗುರುತಾಗಿಟ್ಟುಕೊಳ್ಳಿ ಎಂಬ ಸಲಹೆ ಮಾತ್ರ ಫಲಿಸಲಿಲ್ಲ. ದಟ್ಟ ಮಂಜು, ಬೇಲಿಗೆ ಮೂಗು ತಾಗುವವರೆಗೂ ಒಡ್ಡು ಕಾಣಲಿಲ್ಲ! ದಿಕ್ಸೂಚಿಯೇ ಕೈಹಿಡಿಯಿತು. ಆಚೆಗೆಲ್ಲ ಜೌಗು ನೆಲ, ಗಟ್ಟಿ ಬೂಟು ಬೇಕೇ ಬೇಕು.

ಅಚ್ಚರಿಯೆಂದರೆ, 292 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ ಇರುವುದು ಬೆಟ್ಟದ ಹೊಟ್ಟೆಯೊಳಗೆ. ಬೇಡಿಕೆ ಕಡಿಮೆಯಿದ್ದಾಗ ಕೆಳಗಿನ ನಹನಗನ್ ಸರೋವರದ ನೀರನ್ನು ನೆತ್ತಿಯ ಜಲಾಶಯಕ್ಕೆ ಪಂಪ್ ಮಾಡುತ್ತಾರೆ. ಬೇಡಿಕೆ ಏರಿದಾಗ ಅದನ್ನೇ ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುತ್ತಾರೆ. ನಾನು ಆ ಜಲಾಶಯವನ್ನು ಬರೀ ಕುಡಿಯುವ ನೀರಿನ ಕೆರೆಯೆಂದುಕೊಂಡಿದ್ದೆ.