ದೊಡ್ಡಪ್ಪನ 4ಕೆ ಡಬ್ಬಿ ವಿಷಯ, ಸ್ವಲ್ಪ ಉದ್ದ ಆಯ್ತು

ದೊಡ್ಡಪ್ಪ, ಮೊದಲೇ ಹೇಳುತ್ತೇನೆ, ಇದು ಉದ್ದ ಇದೆ. ವಾಯ್ಸ್ ಮೆಸೇಜ್ ಕಳಿಸಿದರೆ ನೀವು ಅರ್ಧ ಕೇಳಿ ಬಿಡುತ್ತೀರಿ, ಆಮೇಲೆ "ಎಂಥ ಹೇಳಿದ್ದು ನೀನು" ಅಂತ ಫೋನ್ ಮಾಡುತ್ತೀರಿ. ಅದಕ್ಕೆ ನಾನು ಬಾಯಲ್ಲಿ ಹೇಳುತ್ತಾ ಮೊಬೈಲಿನ ಹತ್ತಿರವೇ ಬರೆಸುತ್ತಾ ಇದ್ದೇನೆ. ತಪ್ಪು ಅಕ್ಷರ ಬಂದರೆ ಅದು ಮೊಬೈಲಿನದ್ದು, ನನ್ನದಲ್ಲ.

ಮಧ್ಯಾಹ್ನದಿಂದ ಗ್ರೂಪ್ ನೋಡದವರಿಗೆ ಎರಡು ಮಾತು. ಬ್ರಹ್ಮಾವರ ಮನೆಯ ಟಿವಿಗೆ ಸಿಕ್ಕಿಸುತ್ತಿದ್ದ ಹಳೆಯ ಸ್ಟ್ರೀಮಿಂಗ್ ಡಬ್ಬಿ, ಅಂದರೆ ಇಂಟರ್ನೆಟ್ಟಿನ ವಿಡಿಯೊ ಟಿವಿಯಲ್ಲಿ ತೋರಿಸುವುದು, ಕೆಟ್ಟಿದೆ. ಉಡುಪಿಯ ಅಂಗಡಿಯವರು ಎರಡು ತೋರಿಸಿದ್ದಾರೆ, ಒಂದು ಮಾಮೂಲಿ ಫುಲ್ ಎಚ್‌ಡಿ, ಇನ್ನೊಂದು 4ಕೆ, ನಡುವೆ ಸಾವಿರದೈನೂರು ರೂಪಾಯಿ ವ್ಯತ್ಯಾಸ. ಯಾವುದು ತರಲಿ ಅಂತ ದೊಡ್ಡಪ್ಪ ಕೇಳಿದ್ದು ಅಷ್ಟೇ. ಬೆಂಗಳೂರಿಂದ ತಮ್ಮ "4ಕೆ ಇಲ್ಲದ ಡಬ್ಬಿಯನ್ನು ಈಗಲೂ ಮಾರುವುದೇ ನಾಚಿಕೆಗೇಡು" ಅಂದ. ಸುರತ್ಕಲ್ ಮಾವ "ಅದೆಲ್ಲ ಕಂಪನಿಯವರ ಆಟ, ಅದರ ಕಾಲ ಇನ್ನೂ ಬಂದಿಲ್ಲ" ಅಂದರು. ಆಮೇಲೆ ಇಬ್ಬರೂ ನಿಲ್ಲಿಸಲಿಲ್ಲ.

ನನ್ನ ಲೆಕ್ಕ ಬೇರೆ. ಡಬ್ಬಿಯಲ್ಲಿ 4ಕೆ ಇರಲಿ, ಆ ಸಾವಿರದೈನೂರು ಕೊಡಿ. ಆದರೆ ನಿಮ್ಮ ಚಾವಡಿಯಲ್ಲಿ ಕೂತು ಆ 4ಕೆ ನೋಡುತ್ತೇನೆ ಅಂತ ಅದರ ಮೇಲೆ ಇನ್ನು ಒಂದು ರೂಪಾಯಿ ಹಾಕಬೇಡಿ. ಟಿವಿ ಬದಲಿಸುವುದಂತೂ ಬೇಡವೇ ಬೇಡ.

ಈ ಜಗಳ ಹೊಸದೇನೂ ಅಲ್ಲ ಮಾರಾಯ್ರೆ. 2015ರಲ್ಲಿ ಆಪಲ್‌ನವರು ಹೊಸ ಆಪಲ್ ಟಿವಿ (ಹೆಸರು ಟಿವಿ, ಆದರೆ ಅದೂ ಇಂಥದ್ದೇ ಡಬ್ಬಿ) ತಂದಾಗ ಅದರಲ್ಲಿ 4ಕೆ ಇರಲಿಲ್ಲ. ಅದೇ ವರ್ಷ ಅಮೆಜಾನ್‌ನ ಫೈರ್ ಟಿವಿಯಲ್ಲಿತ್ತು, ಅಮೆರಿಕದ ರೋಕು ಕಂಪನಿಯ ರೋಕು 4 ಡಬ್ಬಿಯಲ್ಲೂ ಇತ್ತು. ಆಗಲೂ ಇದೇ ಮಾತು, ಬೇಕು ಅಂತ ಅರ್ಧ ಜನ, ಈಗಲೇ ಯಾಕೆ ಅಂತ ಅರ್ಧ ಜನ. ಎರಡು ವರ್ಷ ಕಳೆದು 2017ರಲ್ಲಿ ಆಪಲ್ ಕೂಡ 4ಕೆ ಡಬ್ಬಿ ತಂದಿತು. ಅಂದರೆ ಡಬ್ಬಿ ಮಾಡುವವರ ಮಟ್ಟಿಗೆ ಈ ವಾದ ಯಾವಾಗಲೋ ಮುಗಿದಿದೆ. ಮುಗಿಯದೆ ಉಳಿದದ್ದು ನಮ್ಮ ಮನೆಗಳಲ್ಲಿ.

4ಕೆ ಅಂದರೆ ಚಿತ್ರದಲ್ಲಿ ಅಡ್ಡಕ್ಕೆ 3840 ಚುಕ್ಕಿ, ಉದ್ದಕ್ಕೆ 2160. ಒಟ್ಟು ಸುಮಾರು 83 ಲಕ್ಷ. ನಿಮ್ಮ ಫುಲ್ ಎಚ್‌ಡಿ ಟಿವಿಯಲ್ಲಿ ಇರುವುದು ಸುಮಾರು 21 ಲಕ್ಷ. ನಾಲ್ಕು ಪಟ್ಟು ಜಾಸ್ತಿ ಅನ್ನುವುದು ಸುಳ್ಳಲ್ಲ. ಪ್ರಶ್ನೆ ಏನೆಂದರೆ ಆ ಚುಕ್ಕಿಯನ್ನು ನೋಡುವುದು ಯಾರು, ಎಷ್ಟು ದೂರದಿಂದ?

ಇದನ್ನು ನಾನು ಮನೆಯಲ್ಲೇ ಪರೀಕ್ಷೆ ಮಾಡಿದ್ದೇನೆ. ಕಾವೂರಿನ ನಮ್ಮ ಮನೆಯಲ್ಲಿ 55 ಇಂಚಿನ 4ಕೆ ಟಿವಿ ಉಂಟು, ನಿಮಗೆ ಗೊತ್ತಲ್ಲ. ಒಂದು ದಿನ ಯೂಟ್ಯೂಬಲ್ಲಿ ಮರವಂತೆಯದ್ದೊಂದು ಡ್ರೋನ್ ವಿಡಿಯೊ ಹಾಕಿದೆ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಸ್ತೆ. ಅಮ್ಮನನ್ನು ಸೋಫಾದಲ್ಲಿ ಕೂರಿಸಿದೆ, ಟಿವಿಯಿಂದ 11 ಅಡಿ, ಟೇಪು ಹಿಡಿದು ಅಳೆದದ್ದು. ಅವರು ಕಣ್ಣು ಮುಚ್ಚಿದಾಗ ನಾನು ಕ್ವಾಲಿಟಿ ಬದಲಿಸುವುದು, ಒಮ್ಮೆ 1080 (ಅದು ಫುಲ್ ಎಚ್‌ಡಿ), ಒಮ್ಮೆ 2160 (ಅದು 4ಕೆ). ಕಣ್ಣು ಬಿಟ್ಟು ಯಾವುದು ಚೆಂದ ಅಂತ ಹೇಳಬೇಕು. ಹತ್ತು ಸಲ ಮಾಡಿದೆವು. ನಾಲ್ಕು ಸಲ ಸರಿ ಹೇಳಿದರು, ಆರು ಸಲ ತಪ್ಪು. ಏಳನೆಯ ಸಲಕ್ಕೆ ಅವರಿಗೆ ಸಿಟ್ಟು ಬಂತು, "ಎರಡರಲ್ಲೂ ಅದೇ ಸಮುದ್ರ ಅಲ್ವಾ, ನನಗೆ ಬೇರೆ ಕೆಲಸ ಇಲ್ವಾ" ಅಂತ.

ಆಮೇಲೆ ಕುರ್ಚಿ ಎಳೆದು ಟಿವಿಯ ಹತ್ತಿರ ನಾಲ್ಕು ಅಡಿಯಲ್ಲಿ ಕೂರಿಸಿದೆ. ಆಗ ನೋಡಿ! ದಡದಲ್ಲಿ ನಿಂತ ದೋಣಿಯ ಹಗ್ಗದ ಎಳೆ ಬೇರೆ ಬೇರೆಯಾಗಿ ಕಂಡಿತು. 1080ರಲ್ಲಿ ಅದೇ ಹಗ್ಗ ಒಂದು ಬೂದು ಗೆರೆ, ಅಷ್ಟೇ. "ಹೌದು, ಇದು ಬೇರೆಯೇ" ಅಂತ ಅಮ್ಮ ತಾನಾಗಿ ಹೇಳಿದರು. ಆದರೆ ನಾಲ್ಕು ಅಡಿಯಲ್ಲಿ ಕೂತು ಯಾರು ಟಿವಿ ನೋಡುತ್ತಾರೆ? ತಮ್ಮ ನೋಡುತ್ತಾನೆ. ಅವನ ರೂಮಿನಲ್ಲಿ ಮಂಚದ ಕಾಲಿಗೂ ಟಿವಿಗೂ ನಡುವೆ ನಡೆಯಲಿಕ್ಕೆ ಜಾಗ ಇಲ್ಲ. ಅದಕ್ಕೇ ಅವನಿಗೆ 4ಕೆ ಇಲ್ಲದೆ ಬದುಕೇ ಇಲ್ಲ. ಅವನು ಸುಳ್ಳು ಹೇಳುತ್ತಿಲ್ಲ ಮಾವ, ಅವನಿಗೆ ನಿಜವಾಗಿ ಕಾಣುತ್ತದೆ.

ಇದಕ್ಕೊಂದು ಲೆಕ್ಕ ಇದೆ. ಒಳ್ಳೆಯ ಕಣ್ಣು ಇರುವವರಿಗೂ ನಿಮ್ಮದರ ಹಾಗಿನ 43 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ ಸುಮಾರು ಐದೂವರೆ ಅಡಿ ದಾಟಿದ ಮೇಲೆ ಒಂದೊಂದೇ ಚುಕ್ಕಿ ಬೇರೆಯಾಗಿ ಕಾಣುವುದಿಲ್ಲ. 55 ಇಂಚಿಗೆ ಸುಮಾರು ಏಳು ಅಡಿ. ಅದಕ್ಕಿಂತ ದೂರ ಹೋದ ಮೇಲೆ ನಾಲ್ಕು ಪಟ್ಟು ಚುಕ್ಕಿ ಕೊಟ್ಟರೂ ಕಣ್ಣಿಗೆ ಒಂದೇ. ಬ್ರಹ್ಮಾವರದಲ್ಲಿ ನಿಮ್ಮ ಆರಾಮ ಕುರ್ಚಿ ಇರುವುದು ಬಾಗಿಲ ಹತ್ತಿರ, ಟಿವಿ ಆಚೆ ಗೋಡೆಯಲ್ಲಿ, ನನ್ನ ಅಂದಾಜು ಅದೂ 11 ಅಡಿಗೆ ಕಡಿಮೆ ಇಲ್ಲ. ಅಷ್ಟು ದೂರದಿಂದ 4ಕೆಯ ವ್ಯತ್ಯಾಸ ಗೊತ್ತಾಗಬೇಕಾದರೆ 85 ಇಂಚಿಗಿಂತ ದೊಡ್ಡ ಟಿವಿ ಬೇಕು. ಅದನ್ನಿಟ್ಟರೆ ಅಜ್ಜನ ಫೋಟೋ ತೆಗೆಯಬೇಕಾಗುತ್ತದೆ, ದೊಡ್ಡಮ್ಮ ಬಿಡುವುದಿಲ್ಲ. ಪೊರೆ ಆಪರೇಷನ್ ಆದ ಮೇಲೆ ನಿಮ್ಮ ಕಣ್ಣು ನನ್ನದಕ್ಕಿಂತ ಚೂಪು ಅಂತ ಗೊತ್ತುಂಟು, ಆದರೂ.

ಒಂದು ವಿಷಯದಲ್ಲಿ ಮಾತ್ರ ತಮ್ಮನ ಪರ. 4ಕೆ ಜೊತೆಗೆ ಸಾಮಾನ್ಯವಾಗಿ ಎಚ್‌ಡಿಆರ್ ಅಂತ ಒಂದು ಬರುತ್ತದೆ. ಅದು ಚುಕ್ಕಿಯ ಲೆಕ್ಕ ಅಲ್ಲ, ಬೆಳಕು ಮತ್ತು ಬಣ್ಣದ್ದು. ಮಾಮೂಲಿ ವಿಡಿಯೊದಲ್ಲಿ ಒಂದು ಬಣ್ಣಕ್ಕೆ 256 ಛಾಯೆ, ಎಚ್‌ಡಿಆರ್‌ನಲ್ಲಿ 1024. ಸೂರ್ಯ ಮುಳುಗುವ ಹೊತ್ತಿನ ಆಕಾಶ ಪಟ್ಟಿ ಪಟ್ಟಿಯಾಗದೆ ನುಣ್ಣಗೆ ಬರುತ್ತದೆ. ಇದು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೂ ಗೊತ್ತಾಗುತ್ತದೆ. ಆದರೆ ಅದಕ್ಕೆ ಟಿವಿಯಲ್ಲೂ ಅಷ್ಟು ಬೆಳಕು ಇರಬೇಕು. ಕಡಿಮೆ ರೇಟಿನ ಟಿವಿಯಲ್ಲಿ ಎಚ್‌ಡಿಆರ್ ಅಂತ ಸ್ಟಿಕ್ಕರ್ ಇರುತ್ತದೆ, ಹಾಕಿದರೆ ಚಿತ್ರ ಇನ್ನೂ ಕಪ್ಪಾಗುತ್ತದೆ. ನಮ್ಮದೇ ಹಾಗೆ ಇದೆ, ನಾನು ಆಫ್ ಮಾಡಿಟ್ಟಿದ್ದೇನೆ.

ಈಗ ಮಾವನ ಮಾತಿಗೆ ಬರುತ್ತೇನೆ. ನೋಡಲಿಕ್ಕೆ 4ಕೆ ಎಲ್ಲುಂಟು ಅಂತ ಅವರು ಕೇಳಿದ್ದು. ಇಲ್ಲ ಅಂತ ಅಲ್ಲ ಮಾವ. ನೆಟ್‌ಫ್ಲಿಕ್ಸ್‌ನವರು 2014ರಲ್ಲೇ ಶುರು ಮಾಡಿದ್ದಾರೆ, ಯೂಟ್ಯೂಬ್ 2010ರಲ್ಲೇ. 2023ರ ಐಪಿಎಲ್ ಜಿಯೋ ಸಿನಿಮಾದಲ್ಲಿ 4ಕೆಯಲ್ಲಿ ಬಂತು, ಅದೂ ಪುಕ್ಕಟೆ. ಆದರೆ ದೊಡ್ಡಪ್ಪ ನೋಡುವುದು ಎಂಥದ್ದು? ಸಂಜೆ ವಾರ್ತೆ, ದೊಡ್ಡಮ್ಮನ ಧಾರಾವಾಹಿ, ಆಮೇಲೆ ಯಕ್ಷಗಾನ. ಮೇ ಕೊನೆಯ ಪತ್ತನಾಜೆ ದಿನ ಮೇಳದವರು ಗೆಜ್ಜೆ ಬಿಚ್ಚಿ ಆ ವರ್ಷದ ಆಟ ಮುಗಿಸಿದ ಮೇಲೆ ಮಳೆಗಾಲ ಪೂರ್ತಿ ಅವರಿಗೆ ಯೂಟ್ಯೂಬೇ ಬಯಲಾಟದ ಗದ್ದೆ. ಅದರಲ್ಲೂ ಹಳೆಯ ಭಾಗವತರ ಪದ್ಯ ಇರುವ ಆಟವೇ ಆಗಬೇಕು. ಆ ಕಾಲದ ರೆಕಾರ್ಡಿಂಗ್ ಎಷ್ಟೋ ವಿಸಿಡಿಯಿಂದ ಎತ್ತಿ ಹಾಕಿದ್ದು. ನಮ್ಮಲ್ಲಿ ಸಿಗುತ್ತಿದ್ದ ವಿಸಿಡಿಯ ಚಿತ್ರದಲ್ಲಿ ಇರುವುದು ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ. ಒಟ್ಟು ಒಂದು ಲಕ್ಷ ಚಿಲ್ಲರೆ. ಅದನ್ನು 4ಕೆ ಟಿವಿಯಲ್ಲಿ ತುಂಬಿಸಬೇಕಾದರೆ ಒಂದೊಂದು ಚುಕ್ಕಿಯನ್ನೂ ಎಂಬತ್ತು ಚುಕ್ಕಿಯಷ್ಟು ಹಿಗ್ಗಿಸಬೇಕು. ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟಿನಿಂದ ಇಡುವ ಚಿಟ್ಟಿ ಎಲ್ಲ ಕರಗಿ ಅಕ್ಕಿಹಿಟ್ಟಿನ ಮುದ್ದೆ ಆಗುತ್ತದೆ. ಅದಕ್ಕೆ ಯಾವ ಡಬ್ಬಿಯೂ ಮದ್ದಲ್ಲ. ಈಗಿನ ಲೈವ್ ಆಟಗಳೂ ಹಾಗೆಯೇ. ರಾತ್ರಿ ಗದ್ದೆಯಲ್ಲಿ ಒಂದು ಕ್ಯಾಮೆರಾ ಇಟ್ಟು ಮೊಬೈಲ್ ನೆಟ್‌ವರ್ಕಿನಲ್ಲಿ ಕಳಿಸುವವರು 1080 ಕೊಟ್ಟರೆ ಅದೇ ದೊಡ್ಡದು. ಟಿವಿ ಬದಲಿಸುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ಒಂದು ಸ್ಪೀಕರ್ ತಂದರೆ ಚೆಂಡೆಯ ಪೆಟ್ಟಾದರೂ ಸರಿಯಾಗಿ ಕೇಳೀತು. ಇದು ನಾನು ಗಂಭೀರವಾಗಿ ಹೇಳುತ್ತಿರುವುದು.

ತಡೆಯಿರಿ, ಮೀನಿನವರು ಹಾರ್ನ್ ಹೊಡೆಯುತ್ತಿದ್ದಾರೆ.

ಹಾ, ಬಂದೆ. ಬಂಗುಡೆ ಸಿಕ್ಕಿತು. ಎಲ್ಲಿದ್ದೆ?

ಹಾಗಾದರೆ 4ಕೆ ಡಬ್ಬಿ ಯಾಕೆ ಅಂತ ಮಾವ ಕೇಳುತ್ತಾರೆ. ಮಹಡಿ ಕಟ್ಟದಿದ್ದರೂ ತಾರಸಿಯ ಮೇಲೆ ಕಂಬಿ ಬಿಟ್ಟಿರುತ್ತೇವಲ್ಲ, ಹಾಗೆ. ಡಬ್ಬಿ ಐದಾರು ವರ್ಷ ಇರುತ್ತದೆ. ಆ ನಡುವೆ ಟಿವಿ ಕೆಟ್ಟರೆ, 43 ಇಂಚಿಗೆ ಈಗ ಅಂಗಡಿಯಲ್ಲಿ ಕಾಣುವುದು ಹೆಚ್ಚಾಗಿ 4ಕೆಯೇ. ಇನ್ನೊಂದು, 4ಕೆ ಡಬ್ಬಿಗೆ ಸಾಮಾನ್ಯವಾಗಿ ಒಳ್ಳೆಯ ಚಿಪ್, ಜಾಸ್ತಿ ಮೆಮೊರಿ ಹಾಕಿರುತ್ತಾರೆ. ಹಳೆಯದು ಕೊನೆಕೊನೆಗೆ ಒಂದು ಆ್ಯಪ್ ತೆರೆಯಲಿಕ್ಕೆ ಒಂದು ಲೋಟ ಚಾ ಕುಡಿದು ಮುಗಿಸುವಷ್ಟು ಹೊತ್ತು ಮಾಡುತ್ತಿತ್ತಲ್ಲ, ಅದು ತಪ್ಪುತ್ತದೆ. ಎಚ್‌ಇವಿಸಿ, ಎವಿ1 ಅಂತ ವಿಡಿಯೊವನ್ನು ಹಿಂಡಿ ಸಣ್ಣ ಮಾಡುವ ಹೊಸ ವಿಧಾನಗಳಿವೆ, ಅವು ಗೊತ್ತಿರುವ ಡಬ್ಬಿಯಾದರೆ ಅದೇ ಚಿತ್ರಕ್ಕೆ ಕಡಿಮೆ ಡೇಟಾ ಸಾಕು. ಫುಲ್ ಎಚ್‌ಡಿ ಟಿವಿಗೆ ಸಿಕ್ಕಿಸಿದರೆ ಡಬ್ಬಿ ತಾನಾಗಿ 1080ಕ್ಕೆ ಇಳಿಯುತ್ತದೆ, ಏನೂ ತೊಂದರೆ ಇಲ್ಲ. ಅತ್ತೆಯ ಮನೆಯದ್ದು ಮಾತ್ರ 32 ಇಂಚಿನ ಎಚ್‌ಡಿ ರೆಡಿ, ಅಂದರೆ ಫುಲ್ ಎಚ್‌ಡಿಗಿಂತಲೂ ಕಡಿಮೆ ಚುಕ್ಕಿಯದ್ದು, ಅವರು ಸುಮ್ನೆ ಕಡಿಮೆಯದ್ದೇ ತೆಗೆದುಕೊಳ್ಳಲಿ.

ಆದರೆ ಆನ್‌ಲೈನಲ್ಲಿ ಸಿಗುವ ಹೆಸರಿಲ್ಲದ ಡಬ್ಬಿ ಬೇಡ. ನಾನು ಒಮ್ಮೆ ಮೋಸ ಹೋದೆ. ಮೇಲೆ ಇಷ್ಟು ದೊಡ್ಡಕ್ಷರದಲ್ಲಿ 4ಕೆ ಅಂತ ಬರೆದಿತ್ತು, ರೇಟು ಅರ್ಧ. ಯೂಟ್ಯೂಬ್ ಚೆನ್ನಾಗಿ ಬಂತು. ನೆಟ್‌ಫ್ಲಿಕ್ಸ್ ಹಾಕಿದರೆ ಹಳೆಯ ಕೇಬಲ್ ಟಿವಿಯ ಹಾಗೆ ಮಸುಕು. ಟಿವಿ ಹಾಳಾಯಿತು ಅಂತ ಇವರು ಮೆಕ್ಯಾನಿಕ್‌ನನ್ನು ಕರೆಸುವವರಿದ್ದರು. ಆಮೇಲೆ ಗೊತ್ತಾಯಿತು, ಸಿನಿಮಾ ಕೊಡುವವರು ಕಾಪಿ ಆಗದ ಹಾಗೆ ಬೀಗ ಹಾಕಿರುತ್ತಾರೆ, ಆಂಡ್ರಾಯ್ಡ್ ಡಬ್ಬಿಗಳಲ್ಲಿ ಅದರ ಹೆಸರು ವೈಡ್‌ವೈನ್. ಎಲ್1 ದರ್ಜೆ ಇದ್ದರೆ ಎಚ್‌ಡಿ, 4ಕೆ ಕೊಡುತ್ತಾರೆ. ಅದರಲ್ಲಿ ಇದ್ದದ್ದು ಎಲ್3, ಹಾಗಾಗಿ 480ರ ಮೇಲೆ ಹೋಗಲೇ ಇಲ್ಲ. ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಈಗ ಮಗ ಅದರ ಮೇಲೆ ಪೆನ್ಸಿಲ್ ಇಡುತ್ತಾನೆ. ಇದೇ ರೀತಿ ಮುಂದೆ 4ಕೆ ಟಿವಿ ತಂದರೆ ಅದರ ಎಲ್ಲ ಎಚ್‌ಡಿಎಂಐ ತೂತೂ ಒಂದೇ ಅಲ್ಲ. ಎಚ್‌ಡಿಸಿಪಿ 2.2 ಅನ್ನುವ ಇನ್ನೊಂದು ಕಾಪಿ ಬೀಗ ಇರುವುದಕ್ಕೇ ಸಿಕ್ಕಿಸಬೇಕು, ಇಲ್ಲದಿದ್ದರೆ ನೆಟ್‌ಫ್ಲಿಕ್ಸ್‌ನಂಥವರ 4ಕೆ ಬರುವುದಿಲ್ಲ.

ಇನ್ನು ಇಂಟರ್ನೆಟ್. ನೆಟ್‌ಫ್ಲಿಕ್ಸ್‌ನವರು 4ಕೆಗೆ 15 ಎಂಬಿಪಿಎಸ್ ವೇಗ ಬೇಕು ಅನ್ನುತ್ತಾರೆ, ಫುಲ್ ಎಚ್‌ಡಿಗೆ 5 ಸಾಕು. ನಿಮ್ಮದು 40ರ ಪ್ಲಾನು, ಕಾಗದದ ಮೇಲೆ ಧಾರಾಳ. ಆದರೆ ಕಳೆದ ಸಲ ಬಂದಾಗ ನಾನು ಸ್ಪೀಡ್ ನೋಡಿದ್ದೆ. ಮಾಳಿಗೆಯಲ್ಲಿ ರೂಟರ್ ಪಕ್ಕ 38. ಚಾವಡಿಯಲ್ಲಿ ಟಿವಿ ಹತ್ತಿರ 9. ನಡುವೆ ಇರುವುದು ಅಜ್ಜ ಕಟ್ಟಿಸಿದ ಕೆಂಪು ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ಫ್ಯಾನ್ ಬೇಡ ಅನ್ನಿಸುವ ಗೋಡೆ ವೈಫೈಯನ್ನೂ ಒಳಗೆ ಬಿಡುವುದಿಲ್ಲ. ವೇಗದ 5 ಗಿಗಾಹರ್ಟ್ಸ್ ವೈಫೈ ಇದೆಯಲ್ಲ, ಅದು ಗೋಡೆಗೆ ಇನ್ನೂ ಜಾಸ್ತಿ ಹೆದರುತ್ತದೆ. ಪ್ಲಾನ್ 100ಕ್ಕೆ ಏರಿಸಿದರೆ ಕಂಪನಿಗೆ ಲಾಭ, ಗೋಡೆ ಅದೇ ಗೋಡೆ. ರೂಟರಿನಿಂದ ನೇರ ಡಬ್ಬಿಗೆ ಹೋಗುವ ಒಂದು ಲ್ಯಾನ್ ವಯರ್ ಮಾಳಿಗೆಯಿಂದ ಮರದ ಜಂತಿಯ ಬದಿಯಲ್ಲಿ ಇಳಿಸಿದರೆ ಮುಗಿಯಿತು. ಆಗ ಯಕ್ಷಗಾನ ಗಿರಗಿರ ತಿರುಗುತ್ತಾ ನಿಲ್ಲುವುದೂ ತಪ್ಪುತ್ತದೆ. ಸಿಡಿಲು ಬಂದರೆ ಆ ವಯರನ್ನೂ ಕೀಳಬೇಕು, ನೆನಪಿರಲಿ, ಬರೀ ಪ್ಲಗ್ ತೆಗೆದರೆ ಸಾಲದು.

ಡೇಟಾ ಕೂಡ. 4ಕೆಯಲ್ಲಿ ಗಂಟೆಗೆ 7 ಜಿಬಿವರೆಗೆ ಹೋಗುತ್ತದೆ. ಲೈನ್ ಹೋದಾಗ ನೀವು ಮೊಬೈಲ್ ಹಾಟ್‌ಸ್ಪಾಟ್ ಹಾಕುತ್ತೀರಿ, ದಿನಕ್ಕೆ 2 ಜಿಬಿಯದ್ದು. ಹದಿನೇಳು ನಿಮಿಷಕ್ಕೆ ಖಾಲಿ, ಗಣಪತಿ ಸ್ತುತಿಯೂ ಮುಗಿದಿರುವುದಿಲ್ಲ. ಮತ್ತೆ ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು ತಿಂಗಳಿಗೆ 649ರ ಪ್ಲಾನಿನಲ್ಲಿ ಮಾತ್ರ. 199ರದ್ದರಲ್ಲಿ ಬರುವುದು 720. ತಮ್ಮ, ನೀನು ದೊಡ್ಡಪ್ಪನಿಗೆ ಆ 649ರದ್ದು ಹಾಕಿಸುತ್ತೇನೆ ಅಂದೆಯಲ್ಲ, ಅದರ ಪಾಸ್‌ವರ್ಡ್ ಯಾರ ಹತ್ತಿರ ಇರುತ್ತದೆ ಅಂತ ನಮಗೆ ಗೊತ್ತಿಲ್ವಾ?

ದೊಡ್ಡಪ್ಪ, ಈಗ ನೀವು ಮಾಡಬೇಕಾದ್ದು ಇಷ್ಟೇ. ಕುರ್ಚಿಯಿಂದ ಟಿವಿಗೆ ಎಷ್ಟು ಅಡಿ ಅಂತ ಅಳೆದು ಹಾಕಿ, ನನ್ನ ಅಂದಾಜು ಸರಿಯಾ ನೋಡುವ. ಟಿವಿ ಹಿಂದಿನ ತೂತುಗಳದ್ದೊಂದು ಫೋಟೋ ಹಾಕಿ, ದೂಳು ಒರೆಸಿ ತೆಗೆಯಿರಿ. ಡಬ್ಬಿಗೆ ಲ್ಯಾನ್ ವಯರ್ ಸಿಕ್ಕಿಸಲಿಕ್ಕೆ ಆಗುತ್ತದಾ ಅಂತ ಅಂಗಡಿಯಲ್ಲಿ ಕೇಳಿ, ಕೆಲವಕ್ಕೆ ಅದು ಬೇರೆ ಕೊಳ್ಳಬೇಕಾಗುತ್ತದೆ. ಆದಿತ್ಯವಾರ ನಾವು ಬರುತ್ತೇವೆ, 20 ಮೀಟರ್ ವಯರು ನಾನು ಹಂಪನಕಟ್ಟೆಯಿಂದ ತರುತ್ತೇನೆ. ಜಂತಿ ಹತ್ತಲಿಕ್ಕೆ ಏಣಿ ಪಕ್ಕದ ಮನೆಯಿಂದ ಕೇಳಿಟ್ಟಿರಿ, ಕಳೆದ ಸಲ ಮಾವ ಹತ್ತಿದ ಸ್ಟೂಲು ಬೇಡ.