ಊರಿನ ಹಳೇ ಸಾಮಾನು ಇಡಲು ಒಂದು ಕೋಣೆ ಸಿಕ್ಕಿದೆ, ಮುಂದೇನು?

ಕೆರೆಏರಿ:
ನಮ್ಮದು ಸರ್ಜಾಪುರ ರಸ್ತೆ ಕಡೆಯ ಊರು. ಊರು ಅಂದರೆ ಈಗ ನಾಲ್ಕು ಬೀದಿ, ಒಂದು ಅರಳಿಕಟ್ಟೆ, ಸುತ್ತ ಅಪಾರ್ಟ್‌ಮೆಂಟ್. ಹಳೇ ಮನೆ ಕೆಡವಿದಾಗಲೆಲ್ಲ ಕೂರಿಗೆ, ರಾಗಿಕಲ್ಲು ಬೀದಿಗೆ ಬೀಳುತ್ತಿವೆ. ನಾವು ಐದಾರು ಜನ ಸೇರಿ, ಗುಡಿ ಪಕ್ಕದ ಖಾಲಿ ಕೋಣೆಯಲ್ಲಿ ಗಾಜಿನ ಬೀರು ಮಾಡಿಸಿ, ಒಂದೊಂದಕ್ಕೂ ಹೆಸರು ಬರೆದು ಇಡೋಣ ಅಂತಿದ್ದೇವೆ. ಯಾರೋ "ಇಕೋಮ್ಯೂಸಿಯಂ ಮಾಡಿ, ಊರಿಗೆ ದುಡ್ಡೂ ಬರುತ್ತೆ" ಅಂದರು. ಮಾಮೂಲಿ ಮ್ಯೂಸಿಯಂಗೂ ಅದಕ್ಕೂ ಏನು ವ್ಯತ್ಯಾಸ? ಸುಮ್ನೆ ಹೊಸ ಹೆಸರಾ?

ಹಳೇಪೇಟೆ:
ಹೆಸರೇನೂ ಹೊಸದಲ್ಲ. 1971ರಲ್ಲಿ ಫ್ರಾನ್ಸಿನ ಊಗ್ ದ ವರೀನ್ ಹುಟ್ಟುಹಾಕಿದ ಪದ. ಅಲ್ಲಿ ಲ ಕ್ರೂಸೋ ಅಂತ ಕಬ್ಬಿಣದ ಕಾರ್ಖಾನೆಯ ಊರಿದೆ, ಷ್ನೈಡರ್ ಮನೆತನದ ಹಿಡಿತದಲ್ಲಿದ್ದದ್ದು. ಎಪ್ಪತ್ತರ ದಶಕದಲ್ಲಿ ಅವರ ಹಳೇ ಬಂಗಲೆಯಲ್ಲೇ ಇಕೋಮ್ಯೂಸಿಯಂ ಶುರುವಾಯಿತು. ಆದರೆ ಬಂಗಲೆ ಒಂದೇ ಮ್ಯೂಸಿಯಂ ಅಲ್ಲ. ಸುತ್ತಲಿನ ಊರು, ಗಣಿ, ಕಾಲುವೆ, ಜನರ ಮನೆ ಎಲ್ಲ ಸೇರಿ ಮ್ಯೂಸಿಯಂ. ಸಾಮಾನು ಅವರವರ ಮನೆಯಲ್ಲೇ ಇರಬಹುದು. ಏನನ್ನು ಉಳಿಸಬೇಕು, ಹೇಗೆ ಹೇಳಬೇಕು ಅಂತ ಊರಿನವರೇ ತೀರ್ಮಾನಿಸಬೇಕು ಅನ್ನುವುದು ಅದರ ಜೀವ.

ಹತ್ತಿರದ್ದೇ ನೋಡಿ. ಬೇಗೂರಿನ ಒಂದು ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. "ಬೆಂಗಳೂರು ಕಾಳಗ" ಅಂತ ಬರೆದಿರುವ ಸುಮಾರು 890ರ ಶಾಸನ ಬೇಗೂರಿನ ನಾಗೇಶ್ವರ ಗುಡಿಯಲ್ಲೇ ಇದೆ. ಎರಡನ್ನೂ ಒಂದೇ ದಿನ ನೋಡಿ ಬನ್ನಿ, ವ್ಯತ್ಯಾಸ ತಾನಾಗೇ ತಿಳಿಯುತ್ತದೆ.

ಮುದ್ದೆಬಸ್ಸಾರು:
ಬೀರುವಿನಲ್ಲಿ ಹಗೇವು, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ, ಹೇಗೆ ಇಡ್ತೀರಿ ಸರ್? ನಮ್ಮ ಮನೆ ಮುಂದೆ ಒಂದಿತ್ತು. ರಾಗಿ ತೆಗೆಯುವ ದಿನ ತಾತ ಬಾಯಿ ಚಪ್ಪಡಿ ಸರಿಸಿ, ಗಾಳಿ ಆಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿತೋ, ಯಾರೂ ಇಳಿಯುವ ಹಾಗಿಲ್ಲ. ಒಳಗೆ ಉಸಿರು ಕಟ್ಟಿ ಸಾಯುತ್ತಾರೆ. ಈಗ ಅದರ ಮೇಲೆ ನಮ್ಮ ತಮ್ಮನ ಕಾರು ನಿಲ್ಲುತ್ತದೆ, ಅವನಿಗೆ ಕೆಳಗೆ ಏನಿದೆ ಅಂತಲೂ ಗೊತ್ತಿಲ್ಲ. ಸಾಮಾನು ಆಮೇಲೂ ಸಿಗುತ್ತದೆ, ಇದನ್ನು ಮಾಡಿದವರು ಸಿಗುವುದಿಲ್ಲ. ಮೊದಲು ನಿಮ್ಮ ಊರಿನ ನೀರುಗಂಟಿ, ಅಂದರೆ ಕೆರೆ ನೀರು ಹಂಚುತ್ತಿದ್ದವರ, ಮನೆ ಹುಡುಕಿ. ಕೆರೆ ತೂಬು ಯಾವಾಗ ಎತ್ತುತ್ತಿದ್ದರು, ಯಾರ ಗದ್ದೆಗೆ ಮೊದಲು ನೀರು, ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತಿತ್ತು, ಎಲ್ಲ ಅವರ ಬಾಯಲ್ಲೇ ಕೇಳಿ ರೆಕಾರ್ಡ್ ಮಾಡಿ. ಆ ಕೋಡಿ ಹಳ್ಳದ ಮೇಲೆ ಈಗ ಅಪಾರ್ಟ್‌ಮೆಂಟ್ ಇದ್ದರೆ ಅವರ ಬೇಸ್‌ಮೆಂಟಿಗೆ ಮಳೆನೀರು ಯಾಕೆ ನುಗ್ಗುತ್ತದೆ ಅನ್ನುವುದೂ ಗೊತ್ತಾಗುತ್ತದೆ!

ಸಂತೆಚೀಲ:
ದುಡ್ಡಿನ ಮಾತು ಯಾರೂ ಎತ್ತಲಿಲ್ಲವಲ್ಲ. ನಮ್ಮ ಅಜ್ಜಿ ಮನೆ ಬೀದಿಗೆ ಹಳೇ ಊರು ನೋಡಲು ನಡೆದು ಬರುವ ಒಂದು ವಾಕ್ ಗುಂಪು ಬರುತ್ತಿತ್ತು. ತಲೆಗೆ ಇಷ್ಟು ಅಂತ ಟಿಕೆಟ್. ಕೇಳದೆ ಹಜಾರಕ್ಕೆ ನುಗ್ಗಿ ರಾಗಿ ಬೀಸುವ ಫೋಟೋ ತೆಗೆಯುತ್ತಿದ್ದರು, ಅಜ್ಜಿಗೆ ಒಂದು ಕಾಫಿ ಪುಡಿ ಪ್ಯಾಕೆಟ್. ಹಾಗಾಗಿ ಮೊದಲ ದಿನವೇ ಬರೆದಿಡಿ: ಯಾರ ಮನೆಗೆ ಹೋಗಬಹುದು, ಯಾವ ದಿನ, ದುಡ್ಡು ಯಾರ ಕೈಗೆ. ಊಟ ಹಾಕುವುದಾದರೆ ಊರಿನ ಹೆಂಗಸರ ಸಂಘವೇ ಹಾಕಲಿ, ಹೊರಗಿನ ಕೇಟರಿಂಗ್ ಬೇಡ. ಆದಾಯ ಜಾಸ್ತಿ ಬರುತ್ತದೆ ಅಂತ ಆಸೆಯನ್ನೂ ಹುಟ್ಟಿಸಬೇಡಿ. ಸೈಟ್ ರೇಟಿನ ಮುಂದೆ ಇದು ಚಿಲ್ಲರೆ, ಮನೆ ಮಾರುವವರು ಮಾರೇ ಮಾರುತ್ತಾರೆ.

ಕೆರೆಏರಿ:
ಎಲ್ಲರಿಗೂ ಥ್ಯಾಂಕ್ಸ್. ನೀರುಗಂಟಿ ತಾತ ಇದ್ದಾರೆ, ಕಿವಿ ಸ್ವಲ್ಪ ಮಂದ. ಭಾನುವಾರ ಏರಿ ಮೇಲೆ ನಡೆಸಿಕೊಂಡು ಹೋಗುತ್ತೇವೆ, ಹಳೇ ತೂಬು ಜೊಂಡಿನ ಒಳಗೆ ಎಲ್ಲಿದೆ ಅಂತ ತೋರಿಸುತ್ತಾರಂತೆ. ಬೀರುವಿಗೆ ಬಡಗಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಅದರ ಬದಲು ಎರಡು ಬೆಂಚು ಮಾಡಿಕೊಡಿ ಅಂತ ಕೇಳಿ ನೋಡುತ್ತೇನೆ.